ಮಗುವೆಂದರೆ ಎಷ್ಟು ವರ್ಷದವರು?



ಜೂನ್ ತಿಂಗಳಲ್ಲಿ ಹೊಸ ಪ್ರವೇಶ ನಡೆಯುವಾಗ ಶಾಲೆಯಲ್ಲಿ ಕೇಳುವ ಮೊದಲ ಪ್ರಶ್ನೆ ಹೆಸರಿನದು. ಎರಡನೆಯದು ಹುಟ್ಟಿದ ದಿನಾಂಕದ್ದು. ಹೆಸರು ಹೇಳಲು ಯಾರೂ ತಡವರಿಸುವುದಿಲ್ಲ. ದಿನಾಂಕ ಕೇಳಿದೊಡನೆ ತಂದೆ ತಾಯಿಯ ಮುಖ ನೋಡುತ್ತಾನೆ, ತಾಯಿ ಅತ್ತೆಯ ಮುಖ ನೋಡುತ್ತಾಳೆ. "ಕಾರಹುಣ್ಣಿವಿ ಮುಂದ ಹುಟ್ಟ್ಯಾನ್ರೀ ಗುರುಗಳ, ನಾವು ಹೊಸಾ ಎತ್ತ ತಂದ ವರ್ಷ" ಎಂಬ ಉತ್ತರ ಈಗಲೂ ಅಪರೂಪಕ್ಕೆ ಕೇಳಿಬರುವುದುಂಟು. ದವಾಖಾನೆಯಲ್ಲಿ ಹುಟ್ಟುವ ಮಕ್ಕಳೇ ಹೆಚ್ಚಾದುದರಿಂದ ಈ ತೊಂದರೆ ಬಹಳಷ್ಟು ಕಡಿಮೆಯಾಗಿದೆ. ಆದರೆ ನಮ್ಮ ಸೀಮೆಯ ಯಾವುದೇ ಶಾಲೆಯ ಹಳೆಯ ಜನರಲ್ ರಜಿಸ್ಟರನ್ನು ತೆರೆದು ನೋಡಿರಿ. ಪುಟ ಪುಟಕ್ಕೂ ಜೂನ್ 1, ಜೂನ್ 1, ಜೂನ್ 1. ಇಡೀ ಊರೇ ಒಂದು ದಿನ ಹುಟ್ಟಿದಂತೆ ಕಾಣುತ್ತದೆ. ಪ್ರವೇಶಕ್ಕೆ ಅಡ್ಡಿಯಾಗದಿರಲೆಂದು ಹಿಂದಿನವರು ಕಂಡುಕೊಂಡ ಸುಲಭದ ದಾರಿ ಅದು. ಅಜ್ಜಂದಿರ ಕಾಲಕ್ಕೆ ಅದರಿಂದ ಯಾರಿಗೂ ಹೇಳಿಕೊಳ್ಳುವಂಥ ಕೇಡಾಗಲಿಲ್ಲ. ಇಂದು ಹಾಗಲ್ಲ. ಮಕ್ಕಳನ್ನು ಕಾಯುವ ಕಾಯದೆಗಳೆಲ್ಲವೂ ಆ ಒಂದು ದಿನಾಂಕದ ಮೇಲೆ ನಿಂತಿವೆ.

ಯಾವ ಕಾಯದೆಯನ್ನೇ ತೆಗೆದುಕೊಳ್ಳಿರಿ, ಅದು ಮೊದಲು ಕೇಳುವುದು "ಈ ವ್ಯಕ್ತಿ ಮಗುವೋ ಅಲ್ಲವೋ?" ಎಂದು. ಹೌದೆಂದರೆ ಬಾಗಿಲು ತೆರೆಯುತ್ತದೆ, ಅಲ್ಲವೆಂದರೆ ಮುಚ್ಚುತ್ತದೆ. ಮಗುವೆಂದರೆ ಎಷ್ಟು ವರ್ಷದವರು, ಅದನ್ನು ಹೇಳುವವರು ಯಾರು ಎಂಬ ಎರಡು ಪ್ರಶ್ನೆಗಳಿಗೆ ನಮ್ಮ ದೇಶ ನೂರಾ ಮೂವತ್ತು ವರ್ಷಗಳಿಂದ ಉತ್ತರ ತಿದ್ದುತ್ತ ಬಂದಿದೆ. ಆ ತಿದ್ದುಪಡಿಗಳ ಕಥೆಯನ್ನು ಈ ಪಾಠದಲ್ಲಿ ನೋಡೋಣ.

ಆರಂಭ ಮುಂಬಯಿಯಲ್ಲಾಯಿತು. ರುಖ್ಮಾಬಾಯಿ ಎಂಬ ಹುಡುಗಿಗೆ ಹನ್ನೊಂದನೆಯ ವಯಸ್ಸಿನಲ್ಲಿ ಮದುವೆಯಾಗಿತ್ತು. ಆಕೆ ಗಂಡನ ಮನೆಗೆ ಹೋಗದೆ ತವರಿನಲ್ಲಿಯೇ ಓದುತ್ತ ಬೆಳೆದಳು. ಗಂಡ 1884ರಲ್ಲಿ ನ್ಯಾಯಾಲಯಕ್ಕೆ ಹೋದ. ತಿಳಿವಳಿಕೆ ಬಾರದ ವಯಸ್ಸಿನಲ್ಲಿ ಆದ ಮದುವೆಗೆ ನಾನು ಹೇಗೆ ಬದ್ಧಳಾದೇನು ಎಂಬುದು ಆಕೆಯ ವಾದ. 1887ರಲ್ಲಿ ನ್ಯಾಯಾಲಯ, ಗಂಡನ ಮನೆಗೆ ಹೋಗು, ಇಲ್ಲವೆ ಆರು ತಿಂಗಳ ಸೆರೆಮನೆಗೆ ಹೋಗು ಎಂದಿತು. ಆಕೆ ಸೆರೆಮನೆಯೇ ಆಗಲಿ ಎಂದಳು. ಕೊನೆಗೆ 1888ರಲ್ಲಿ ಹಣ ಕೊಟ್ಟು ರಾಜಿ ಮಾಡಿಕೊಳ್ಳಲಾಯಿತು. ರುಖ್ಮಾಬಾಯಿ ಲಂಡನ್ನಿಗೆ ಹೋಗಿ ವೈದ್ಯಕೀಯ ಕಲಿತು ಬಂದು, ಸೂರತ್ ಹಾಗೂ ರಾಜಕೋಟೆಗಳಲ್ಲಿ ದೀರ್ಘಕಾಲ ಡಾಕ್ಟರಳಾಗಿ ಸೇವೆ ಸಲ್ಲಿಸಿದಳು. ಆ ಗದ್ದಲದ ಹಿನ್ನೆಲೆಯಲ್ಲಿಯೇ 1891ರ ಸಮ್ಮತಿ ವಯಸ್ಸಿನ ಕಾಯದೆ ಬಂದದ್ದು. ಅದು ಏರಿಸಿದ್ದು ಎಷ್ಟು? ಹತ್ತರಿಂದ ಹನ್ನೆರಡಕ್ಕೆ! ಅಷ್ಟಕ್ಕೇ ಧರ್ಮ ಮುಳುಗಿತೆಂದು ಪುಣೆ, ಕಲಕತ್ತೆಗಳಲ್ಲಿ ದೊಡ್ಡ ದೊಡ್ಡ ಸಭೆಗಳಾದವು.

ಕನ್ನಡ ನಾಡು ಈ ವಿಷಯದಲ್ಲಿ ಹಿಂದೆ ಬಿದ್ದಿರಲಿಲ್ಲವೆಂಬುದನ್ನು ನಮ್ಮ ವಿದ್ಯಾರ್ಥಿಗಳು ತಿಳಿದಿರಬೇಕು. ಮೈಸೂರು ಸಂಸ್ಥಾನದಲ್ಲಿ 1894ರಲ್ಲಿಯೇ ಶಿಶುವಿವಾಹ ತಡೆಯುವ ಕಾಯದೆ ಜಾರಿಯಾಯಿತು. ಎಂಟು ವರ್ಷದೊಳಗಿನ ಹುಡುಗಿಯ ಮದುವೆ ಮಾಡಬಾರದು. ಐವತ್ತು ದಾಟಿದ ಗಂಡಸು ಹದಿನಾಲ್ಕರೊಳಗಿನ ಹುಡುಗಿಯನ್ನು ಮದುವೆಯಾಗಬಾರದು ಎಂದು ಅದು ವಿಧಿಸಿತು. ಎಂಟು ವರ್ಷವೆಂದರೆ ಇಂದು ಮೂರನೆಯ ಇಯತ್ತೆಯ ಹುಡುಗಿ. ಅದನ್ನು ಕೇಳಿ ನಗುವುದಕ್ಕೆ ಮೊದಲು, ಅಷ್ಟನ್ನು ಕೂಡ ಕಾಯದೆ ಮಾಡಿ ಹೇಳಬೇಕಾದ ಕಾಲ ಅದಾಗಿತ್ತು ಎಂದು ನೆನೆಯಬೇಕು. ಬಡೋದೆ ಸಂಸ್ಥಾನ 1904ರಲ್ಲಿ ಹುಡುಗಿಗೆ ಹನ್ನೆರಡು, ಹುಡುಗನಿಗೆ ಹದಿನಾರು ಎಂದು ಗೊತ್ತುಪಡಿಸಿತು.

ಬ್ರಿಟಿಷ್ ಸೀಮೆಗೆಲ್ಲ ಅನ್ವಯಿಸುವ ಕಾಯದೆ 1929ರಲ್ಲಿ ಬಂದಿತು. ಹರಬಿಲಾಸ ಸಾರಡಾ ಎಂಬವರು ಮಂಡಿಸಿದ್ದರಿಂದ ಜನ ಅದನ್ನು ಸಾರಡಾ ಕಾಯದೆ ಎಂದೇ ಕರೆದರು. ಹುಡುಗಿಗೆ 14, ಹುಡುಗನಿಗೆ 18. ಆದರೆ ಒಂದು ಮೋಜು ನೋಡಿರಿ. ಇಂಥ ಮದುವೆ ನಡೆಯಿತೆಂದು ದೂರು ಕೊಡುವವನೇ ನೂರು ರೂಪಾಯಿಯವರೆಗೆ ಜಾಮೀನು ಕೊಡಬೇಕಾಗುತ್ತಿತ್ತು! ಆ ಕಾಲದ ನೂರು ರೂಪಾಯಿ. ತಡೆಯಲು ಹೋದವನಿಗೇ ದಂಡ ಹಾಕಿದಂತೆ. ಇನ್ನು ಬ್ರಿಟಿಷ್ ಸೀಮೆಯಲ್ಲಿ ಇದ್ದವರು ಬಂಡಿ ಕಟ್ಟಿಕೊಂಡು ಸಂಸ್ಥಾನದ ಸೀಮೆಗೆ ಹೋದರೆ ಕಾಯದೆಯ ಕೈ ಅಲ್ಲಿಗೆ ಮುಟ್ಟುತ್ತಿರಲಿಲ್ಲ. ಜತ್ತ, ಅಕ್ಕಲಕೋಟೆಗಳು ಆಗ ಸಂಸ್ಥಾನಗಳೇ ಆಗಿದ್ದವು. 1938ರ ತಿದ್ದುಪಡಿ ಈ ಕಿಂಡಿಯನ್ನು ಮುಚ್ಚಿ, ಬ್ರಿಟಿಷ್ ಪ್ರಜೆ ದೇಶದ ಯಾವ ಭಾಗಕ್ಕೆ ಹೋಗಿ ಮದುವೆ ಮಾಡಿದರೂ ಕಾಯದೆ ಅವನನ್ನು ಹಿಂಬಾಲಿಸುವಂತೆ ಮಾಡಿತು. ಗಡಿ ದಾಟಿದರೆ ಮಗುವಿನ ವಯಸ್ಸು ಬದಲಾಗುತ್ತದೆಯೇ ಎಂಬ ಈ ಪ್ರಶ್ನೆ ಗಡಿಯಲ್ಲಿ ಬಾಳುವ ನಮಗೆ ಮತ್ತೆ ಎದುರಾಗುತ್ತದೆ. ಮದುವೆಯ ವಯಸ್ಸು ಮುಂದೆ 1949ರಲ್ಲಿ ಹುಡುಗಿಗೆ 15 ಆಯಿತು. 1978ರಲ್ಲಿ ಹುಡುಗಿಗೆ 18, ಹುಡುಗನಿಗೆ 21 ಆಯಿತು. ಹುಡುಗಿಯ ವಯಸ್ಸನ್ನೂ 21ಕ್ಕೆ ಏರಿಸುವ ಮಸೂದೆ 2021ರಲ್ಲಿ ಲೋಕಸಭೆಗೆ ಬಂದಿತ್ತು. 2024ರಲ್ಲಿ ಆ ಸಭೆಯ ಅವಧಿ ಮುಗಿದಾಗ ಅದೂ ಬಿದ್ದುಹೋಯಿತು.

ಇನ್ನು ಎರಡನೆಯ ಎಳೆಗೆ ಬರೋಣ. ತಪ್ಪು ಮಾಡಿದ ಮಗುವನ್ನು, ದಿಕ್ಕಿಲ್ಲದ ಮಗುವನ್ನು ಏನು ಮಾಡಬೇಕು? ಮದರಾಸು ಪ್ರಾಂತ 1920ರಲ್ಲಿ, ಬಂಗಾಲ 1922ರಲ್ಲಿ, ಮುಂಬಯಿ 1924ರಲ್ಲಿ ತಂತಮ್ಮ ಮಕ್ಕಳ ಕಾಯದೆ ಮಾಡಿಕೊಂಡವು. ಸ್ವಾತಂತ್ರ್ಯದ ನಂತರವೂ ಒಂದೊಂದು ರಾಜ್ಯಕ್ಕೆ ಒಂದೊಂದು ಕಾಯದೆ. ಕೆಲವೆಡೆ ಕಾಯದೆ ಆಗಿಯೂ ಜಾರಿಗೆ ಬಂದಿರಲಿಲ್ಲ. ಪುಸ್ತಕದಲ್ಲಿ ಮಕ್ಕಳ ನ್ಯಾಯಾಲಯ, ನಿಜದಲ್ಲಿ ದೊಡ್ಡವರ ಜೈಲು.

ಶೀಲಾ ಬರ್ಸೆ ಎಂಬ ಪತ್ರಕರ್ತೆ ಈ ಸಂಗತಿಯನ್ನು ಹಿಡಿದು ಸುಪ್ರೀಂ ಕೋರ್ಟಿಗೆ ಹೋದರು. ದೇಶದ ಜೈಲುಗಳಲ್ಲಿ ಹದಿನಾರು ವರ್ಷದೊಳಗಿನ ಮಕ್ಕಳು ಎಷ್ಟು ಮಂದಿ ಇದ್ದಾರೆ, ಅವರನ್ನು ಬಿಡಿಸಿರಿ ಎಂಬುದು ಅವರ ಅರ್ಜಿ. ಜಿಲ್ಲಾ ನ್ಯಾಯಾಧೀಶರು ತಮ್ಮ ತಮ್ಮ ಜೈಲುಗಳಿಗೆ ಖುದ್ದಾಗಿ ಹೋಗಿ ನೋಡಬೇಕೆಂದು ನ್ಯಾಯಾಲಯ ಹೇಳಿತು. 1986ರ ಆ ಪ್ರಕರಣದಲ್ಲಿಯೇ, ರಾಜ್ಯಕ್ಕೊಂದು ಕಾಯದೆ ಇರುವುದಕ್ಕಿಂತ ಸಂಸತ್ತು ಇಡೀ ದೇಶಕ್ಕೆ ಒಂದೇ ಕಾಯದೆ ಮಾಡುವುದು ಲೇಸು ಎಂಬ ಮಾತನ್ನೂ ಆಡಿತು. ಅದೇ ವರ್ಷ ಬಾಲ ನ್ಯಾಯ ಕಾಯದೆಯಾಯಿತು. 1987ರ ಅಕ್ಟೋಬರ್ 2ರಿಂದ ಜಾರಿಗೆ ಬಂದಿತು. ಅದರಲ್ಲಿ ಹುಡುಗನಾದರೆ 16 ವರ್ಷದೊಳಗೆ, ಹುಡುಗಿಯಾದರೆ 18 ವರ್ಷದೊಳಗೆ ಮಗು. ಹದಿನೇಳರ ಹುಡುಗ ಮಗುವಲ್ಲ, ಅವನದೇ ವಾರಿಗೆಯ ಹುಡುಗಿ ಮಗು! ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಗೆ ಭಾರತ 1992ರಲ್ಲಿ ಸೇರಿತು. ಆ ಒಡಂಬಡಿಕೆಯ ಲೆಕ್ಕದಲ್ಲಿ ಹದಿನೆಂಟರೊಳಗಿನವರೆಲ್ಲ ಮಕ್ಕಳು. ಅದಕ್ಕೆ ಹೊಂದುವಂತೆ 2000ದ ಹೊಸ ಕಾಯದೆ ಇಬ್ಬರಿಗೂ 18 ಎಂದಿತು.

ಈಗ ನಡೆಯುತ್ತಿರುವುದು 2015ರ ಕಾಯದೆ. 2016ರ ಜನವರಿ 15ರಿಂದ ಜಾರಿಯಲ್ಲಿದೆ. 2012ರ ಡಿಸೆಂಬರಿನಲ್ಲಿ ದಿಲ್ಲಿಯಲ್ಲಿ ನಡೆದ ಘೋರ ಅಪರಾಧದ ಆರೋಪಿಗಳಲ್ಲಿ ಒಬ್ಬ ಹದಿನೆಂಟಕ್ಕೆ ಕೆಲವೇ ತಿಂಗಳು ಕಡಿಮೆಯವನಾಗಿದ್ದ. ಜನರ ಸಿಟ್ಟು ಭುಗಿಲೆದ್ದಿತು. ನ್ಯಾಯಮೂರ್ತಿ ಜೆ. ಎಸ್. ವರ್ಮಾ ಸಮಿತಿ 2013ರಲ್ಲಿ ವಯಸ್ಸನ್ನು ಇಳಿಸಬಾರದೆಂದೇ ಹೇಳಿತ್ತು. ಆದರೂ ಹದಿನಾರು ದಾಟಿದವರು ಅತಿ ಘೋರ ಅಪರಾಧ ಮಾಡಿದರೆ, ಬಾಲ ನ್ಯಾಯ ಮಂಡಳಿಯು ಅವರ ಬುದ್ಧಿಯ ಬಲಿತವನ್ನು ಪರಿಶೀಲಿಸಿ, ದೊಡ್ಡವರಂತೆ ವಿಚಾರಣೆಗೆ ಕಳಿಸಬಹುದೆಂದು ಹೊಸ ಕಾಯದೆ ದಾರಿ ಮಾಡಿತು. ಸಿಟ್ಟಿನಲ್ಲಿ ಮಾಡಿದ ತಿದ್ದುಪಡಿ ಎಂಬುದು ನಮ್ಮ ಅಭಿಪ್ರಾಯ. ಹತ್ತನೆಯ ಇಯತ್ತೆಯವರು ಇದರ ಮೇಲೆ ಚರ್ಚಾಸ್ಪರ್ಧೆ ಇಟ್ಟುಕೊಂಡರೆ ಎರಡೂ ಕಡೆಗೆ ಒಳ್ಳೆಯ ವಾದಗಳು ಸಿಗುತ್ತವೆ.

ಪತ್ರಿಕೆಗಳಲ್ಲಿ ಗದ್ದಲವಾದದ್ದು ಆ ಒಂದು ಕಲಮಿನ ಬಗ್ಗೆ. ನಮ್ಮ ಹಳ್ಳಿಗಳಿಗೆ ಬೇಕಾದ ಕಲಮುಗಳು ಬೇರೆ. ತಪ್ಪು ಮಾಡಿದ ಮಗುವಿನ ಜೊತೆಗೆ "ಪಾಲನೆ ಮತ್ತು ರಕ್ಷಣೆ ಬೇಕಾದ ಮಗು" ಎಂಬ ಇನ್ನೊಂದು ವರ್ಗವನ್ನು ಈ ಕಾಯದೆ ವಿಸ್ತಾರವಾಗಿ ಹೇಳುತ್ತದೆ. ಅನಾಥ, ಭಿಕ್ಷೆ ಬೇಡುವ ಮಗು, ಕಾಯದೆ ಮೀರಿ ದುಡಿಯುತ್ತಿರುವ ಮಗು ಇವರ ಜೊತೆಗೆ, ಮದುವೆಯ ವಯಸ್ಸಿಗೆ ಮೊದಲೇ ಮದುವೆಯಾಗುವ ಗಂಡಾಂತರ ಹತ್ತಿರವಿರುವ ಮಗುವೂ ಅದರಲ್ಲಿ ಸೇರಿದೆ. ಅಂದರೆ ಹಂದರ ಹಾಕುವುದಕ್ಕೆ ಮೊದಲೇ ಆ ಹುಡುಗಿ ಕಾಯದೆಯ ಮಗು. ಅಂಥ ಮಗುವಿನ ಹಿತವನ್ನು ನೋಡುವುದು ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿ: ಒಬ್ಬ ಅಧ್ಯಕ್ಷರು, ನಾಲ್ವರು ಸದಸ್ಯರು. ಮಗು ಸಿಕ್ಕ 24 ತಾಸಿನೊಳಗೆ ಅವರ ಮುಂದೆ ತರಬೇಕು. 1098ಕ್ಕೆ ಫೋನು ಮಾಡಿದರೆ ಸುದ್ದಿ ಮುಟ್ಟುತ್ತದೆ.

ಆದರೆ ಹುಡುಗಿಯ ವಯಸ್ಸು ಹದಿನೆಂಟಾಗಿಲ್ಲವೆಂದು ಹೇಳುವವರು ಯಾರು? ತಂದೆ ಆಗಿದೆ ಎನ್ನುತ್ತಾನೆ. 2015ರ ಕಾಯದೆಯ 94ನೆಯ ಕಲಮು ಇದಕ್ಕೆ ಒಂದು ಸಾಲು ಹಾಕಿಕೊಟ್ಟಿದೆ. ಮೊದಲನೆಯದು ಶಾಲೆ ಕೊಡುವ ಜನ್ಮದಿನಾಂಕದ ಪ್ರಮಾಣಪತ್ರ, ಅಥವಾ ಪರೀಕ್ಷಾ ಮಂಡಳದ ಮ್ಯಾಟ್ರಿಕ್ ಪ್ರಮಾಣಪತ್ರ. ಅದಿಲ್ಲದಿದ್ದರೆ ಪಂಚಾಯತಿ ಅಥವಾ ನಗರಸಭೆಯ ಜನನ ಪತ್ರ. ಎರಡೂ ಇಲ್ಲದಿದ್ದರೆ ಮಾತ್ರ ಡಾಕ್ಟರರು ಎಲುಬಿನ ಕ್ಷಕಿರಣ ಚಿತ್ರ ತೆಗೆದು ಹೇಳುವ ಅಂದಾಜು. ಆ ಅಂದಾಜಿನಲ್ಲಿ ಒಂದೆರಡು ವರ್ಷ ಹೆಚ್ಚುಕಡಿಮೆ ಆಗುವುದು ಸಹಜ.

ಈಗ ಒಂದು ಲೆಕ್ಕ ಮಾಡೋಣ. ಒಬ್ಬ ಹುಡುಗಿ ನಿಜವಾಗಿ ಹುಟ್ಟಿದ್ದು 2009ರ ನವೆಂಬರ್ 10ರಂದು. ಒಂದು ವರ್ಷ ಬೇಗ ಶಾಲೆಗೆ ಹಾಕುವ ಅವಸರದಲ್ಲಿ ಮನೆಯವರು ಬರೆಯಿಸಿದ್ದು 2008ರ ಜೂನ್ 1. ಕಾಗದದ ಮೇಲೆ ಆಕೆ 2026ರ ಜೂನ್ 1ಕ್ಕೆ ಹದಿನೆಂಟು ತುಂಬಿದವಳು. ನಿಜದಲ್ಲಿ 2027ರ ನವೆಂಬರ್ 10ಕ್ಕೆ. ನಡುವಿನ ಹದಿನೇಳು ತಿಂಗಳಲ್ಲಿ ಒಂದು ಲಗ್ನಸರಾಯಿ ಪೂರ್ತಿ ಬರುತ್ತದೆ. 2027ರ ವೈಶಾಖದಲ್ಲಿ ಆಕೆಯ ಮದುವೆಯಾದರೆ, ಯಾರೂ ಏನೂ ಅನ್ನುವಂತಿಲ್ಲ. ಕಾಯದೆ ಇದೆ, ಅಧಿಕಾರಿ ಇದ್ದಾರೆ, ಹುಡುಗಿ ಅಳುತ್ತಿದ್ದಾಳೆ. ಕಾಗದ ಮಾತ್ರ ಆಕೆ ಮಗುವಲ್ಲ ಎನ್ನುತ್ತದೆ. ಆರು ವರ್ಷದ ಹುಡುಗಿಗೆ ಬರೆಯಿಸಿದ ಸುಳ್ಳು ಹದಿನೇಳನೆಯ ವರ್ಷಕ್ಕೆ ಆಕೆಯ ಕೈಹಿಡಿದು ಹಸೆಮಣೆಗೆ ಒಯ್ಯುತ್ತದೆ.

ಇದರ ಇನ್ನೊಂದು ಮಗ್ಗುಲು 2023ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದಿತು. ತಮಿಳುನಾಡಿನ ಪ್ರಕರಣ. ಹುಡುಗಿ ಅಪ್ರಾಪ್ತಳೆಂದು ತೋರಿಸಲು ಶಾಲೆಯ ವರ್ಗಾವಣೆ ಪತ್ರವೊಂದೇ ಆಧಾರವಾಗಿತ್ತು. ಡಾಕ್ಟರರ ಪರೀಕ್ಷೆ ಹದಿನೆಂಟು ಮೀರಿದೆ ಎಂದಿತ್ತು. 94ನೆಯ ಕಲಮು ಹೇಳುವುದು ಜನ್ಮದಿನಾಂಕದ ಪ್ರಮಾಣಪತ್ರವನ್ನು, ಬರಿಯ ವರ್ಗಾವಣೆ ಪತ್ರ ಸಾಲದು ಎಂದು ನ್ಯಾಯಾಲಯ ತೀರ್ಪು ಕೊಟ್ಟಿತು. ನಮ್ಮ ಶಾಲೆಗಳಲ್ಲಿ ನಡೆಯುವುದೇನು? ಪ್ರಾಥಮಿಕ ಶಾಲೆಯವರು ಬರೆದ ದಿನಾಂಕವನ್ನು ದಾಖಲೆ ನೋಡಿ ಹೈಸ್ಕೂಲಿನವರು ಇಳಿಸಿಕೊಳ್ಳುತ್ತಾರೆ. ಹೈಸ್ಕೂಲಿನದನ್ನು ನೋಡಿ ಮಂಡಳದವರು ಇಳಿಸಿಕೊಳ್ಳುತ್ತಾರೆ. ಮೂರು ಕಾಗದಗಳಾದರೂ ಬಾಯಿ ಒಂದೇ, ಅದು ಮೊದಲ ದಿನ ಪಾಲಕರು ಆಡಿದ ಮಾತು.

ಗಡಿಯ ಪ್ರಶ್ನೆಗೆ ಮರಳೋಣ. 2006ರಲ್ಲಿ ಸಾರಡಾ ಕಾಯದೆಯ ಬದಲಿಗೆ ಬಾಲ್ಯವಿವಾಹ ನಿಷೇಧ ಕಾಯದೆ ಬಂದಿತು. 2007ರ ನವೆಂಬರ್ 1ರಿಂದ ಜಾರಿಗೆ. ಮಾಡಿಕೊಳ್ಳುವ ವಯಸ್ಕ ವರನಿಗೆ, ಮಾಡಿಸುವ ಪಾಲಕರಿಗೆ, ಅಕ್ಷತೆ ಹಾಕಿಸುವ ಪುರೋಹಿತರಿಗೆ ಎರಡು ವರ್ಷದವರೆಗೆ ಸಶ್ರಮ ಸೆರೆ, ಒಂದು ಲಕ್ಷ ರೂಪಾಯಿಯವರೆಗೆ ದಂಡ. ಹೆಂಗಸರಿಗೆ ಸೆರೆಯಿಲ್ಲ, ದಂಡ ಮಾತ್ರ. ಆದರೆ ನಡೆದುಹೋದ ಮದುವೆಯ ಗತಿಯೇನು? ಕೇಂದ್ರದ ಕಾಯದೆಯಂತೆ ಆ ಮದುವೆ ಇದ್ದೇ ಇರುತ್ತದೆ. ಮಗುವಾಗಿ ಮದುವೆಯಾದವರು ಪ್ರಾಪ್ತರಾದ ಎರಡು ವರ್ಷದೊಳಗೆ ನ್ಯಾಯಾಲಯಕ್ಕೆ ಹೋಗಿ ರದ್ದು ಮಾಡಿಸಿಕೊಳ್ಳಬಹುದು. ಕರ್ನಾಟಕವು 2016ರ ತಿದ್ದುಪಡಿಯಿಂದ ಇದನ್ನು ಬದಲಿಸಿತು. 2017ರಲ್ಲಿ ಅದಕ್ಕೆ ಒಪ್ಪಿಗೆ ದೊರೆಯಿತು. ಅಲ್ಲಿ ಇಂಥ ಮದುವೆ ಮೊದಲಿನಿಂದಲೇ ಶೂನ್ಯ, ಆಗಿಯೇ ಇಲ್ಲವೆಂದು ಲೆಕ್ಕ.

ಜತ್ತ ತಾಲೂಕಿನ ಹುಡುಗಿಯರನ್ನು ಇಂಡಿ, ಚಡಚಣ, ಅಥಣಿಗಳಿಗೆ ಕೊಡುತ್ತೇವೆ. ಅಲ್ಲಿಂದ ಸೊಸೆಯರನ್ನು ತರುತ್ತೇವೆ. ಒಂದೇ ಭಾಷೆ, ಒಂದೇ ಬೀಗತನ, ಒಂದೇ ಜಾತ್ರೆ. ಆದರೆ ಈ ಕಡೆಯ ಕಾಯದೆಯಲ್ಲಿ ಹದಿನಾರರ ಹುಡುಗಿ ಹೆಂಡತಿ, ಆ ಕಡೆಯ ಕಾಯದೆಯಲ್ಲಿ ಅಲ್ಲ. ಕರ್ನಾಟಕದ ಮಾತೇ ನೇರವಾದುದೆಂದು ನಮಗೆ ಅನ್ನಿಸುತ್ತದೆ. ಹದಿನೆಂಟು ತುಂಬಿದ ಹುಡುಗಿ, ಕಂಕುಳಲ್ಲಿ ಕೂಸು ಇಟ್ಟುಕೊಂಡು, ತಾಲೂಕಿಗೆ ಹೋಗಿ ವಕೀಲರನ್ನು ಹಿಡಿದು ಮದುವೆ ರದ್ದು ಮಾಡಿಸಿಕೊಂಡದ್ದನ್ನು ನಾವು ಇನ್ನೂ ಕಂಡಿಲ್ಲ. ಆದರೆ ಶೂನ್ಯವೆಂದು ಸಾರಿದೊಡನೆ ಆಕೆಯ ಅನ್ನಬಟ್ಟೆಗೆ ಯಾರು ಹೊಣೆ ಎಂಬ ಎದುರು ಪ್ರಶ್ನೆಯನ್ನೂ ತಳ್ಳಿಹಾಕಲಾಗದು. ಹೀಗಾಗಿ ತಡೆಯುವುದಾದರೆ ಮದುವೆಗೆ ಮೊದಲೇ ತಡೆಯಬೇಕು. ನ್ಯಾಯಾಲಯದಿಂದ ತಡೆಯಾಜ್ಞೆ ತಂದ ಮೇಲೂ ನಡೆಸಿದ ಮದುವೆ ಈ ಕಡೆಯಲ್ಲಿಯೂ ಶೂನ್ಯವೇ. ನಮ್ಮ ಹಳ್ಳಿಗಳಲ್ಲಿ ನಾವು ಗ್ರಾಮಸೇವಕರೆಂದು ಕರೆಯುವ ಅಧಿಕಾರಿಯೇ ಬಾಲ್ಯವಿವಾಹ ತಡೆಯುವ ಅಧಿಕಾರಿ. ಅಂಗನವಾಡಿಯ ಬಾಯಿ ಅವರಿಗೆ ಸಹಾಯಕಿ. ಸುಪ್ರೀಂ ಕೋರ್ಟು 2024ರ ಅಕ್ಟೋಬರಿನಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮಕ್ಕಳ ನಿಶ್ಚಿತಾರ್ಥವನ್ನೂ ನಿಷೇಧಿಸುವುದನ್ನು ಸಂಸತ್ತು ವಿಚಾರ ಮಾಡಬೇಕೆಂದಿದೆ. ಗಟ್ಟಿಯಾಗುವುದು ವೀಳ್ಯದ ದಿನವೇ ಎಂಬುದು ಬಲ್ಲವರಿಗೆ ಗೊತ್ತು.

ದುಡಿಮೆಯ ಕಾಯದೆಯದೂ ಇಂಥದೇ ಕಥೆ. 1986ರ ಕಾಯದೆ ಹದಿನಾಲ್ಕರೊಳಗಿನವರನ್ನು ಕೆಲವು ಉದ್ಯೋಗಗಳಿಂದ ಮಾತ್ರ ದೂರವಿಟ್ಟಿತ್ತು. ಸೋಲಾಪುರದ ಬೀಡಿಯೂ ಆ ಪಟ್ಟಿಯಲ್ಲಿತ್ತು. ಆದರೆ ಮನೆಯವರೇ ಕೂಡಿ ಮಾಡುವ ಕೆಲಸಕ್ಕೆ ಅದು ಅನ್ವಯವಾಗುತ್ತಿರಲಿಲ್ಲ. ಬೀಡಿ ಕಟ್ಟುವುದು ಮನೆಯಲ್ಲಿಯೇ ಅಲ್ಲವೇ! 2016ರ ತಿದ್ದುಪಡಿ ಎಲ್ಲ ಉದ್ಯೋಗಗಳಿಂದಲೂ ಹದಿನಾಲ್ಕರೊಳಗಿನವರನ್ನು ನಿಷೇಧಿಸಿತು. 14ರಿಂದ 18ರವರನ್ನು ಗಣಿ, ಸ್ಫೋಟಕ ಮುಂತಾದ ಅಪಾಯದ ಕೆಲಸಗಳಿಂದ ದೂರವಿಟ್ಟಿತು. ಆದರೆ ಶಾಲೆ ಬಿಟ್ಟ ನಂತರ ಹಾಗೂ ರಜೆಯಲ್ಲಿ, ಅಪಾಯವಿಲ್ಲದ ಕೆಲಸದಲ್ಲಿ, ಮನೆಯವರಿಗೆ ನೆರವಾಗಬಹುದು ಎಂದು ಒಂದು ಕಿಂಡಿ ಬಿಟ್ಟಿತು. ಹೊಲದಲ್ಲಿ ಅಪ್ಪನಿಗೆ ಬುತ್ತಿ ಒಯ್ಯುವುದು, ಕುರಿ ಕಟ್ಟುವುದು ತಪ್ಪೆಂದು ಯಾರೂ ಹೇಳರು. ಕಬ್ಬಿನ ಗ್ಯಾಂಗಿನ ಮಾತು ಬೇರೆ. ಮುಕಾದಮನಿಂದ ಉಚಲು ತೆಗೆದುಕೊಂಡು, ದೀಪಾವಳಿಯ ಹೊತ್ತಿಗೆ ಗಂಡಹೆಂಡಿರು ಒಂದು ಕೊಯ್ತಾ ಎಂದು ಲೆಕ್ಕವಾಗಿ ಕಾರಖಾನೆಯ ಸೀಮೆಗೆ ಹೋಗುತ್ತಾರೆ. ಮರಳುವುದು ಯುಗಾದಿಯ ಆಸುಪಾಸಿಗೆ. ಮಕ್ಕಳು ಲೆಕ್ಕದಲ್ಲಿಲ್ಲ. ಆದರೆ ವಾಡೆ ಕಟ್ಟುವವರು, ಕೂಸು ಆಡಿಸುವವರು, ಕೊಪ್ಪಿಗೆ ನೀರು ತರುವವರು ಅವರೇ. "ಶಾಲೆ ಬಿಟ್ಟ ನಂತರ ನೆರವಾಗಬಹುದು" ಎನ್ನುತ್ತದೆ ಕಾಯದೆ. ಶಾಲೆ ಇಲ್ಲಿ, ಮಗು ನೂರಾರು ಮೈಲಿ ಆಚೆಗೆ ಕಬ್ಬಿನ ಪಡದಲ್ಲಿ. ಇನ್ನೆಲ್ಲಿಯ ಶಾಲೆ ಬಿಟ್ಟ ನಂತರ? ಈ ಕಲಮನ್ನು ತಿದ್ದದ ಹೊರತು ಕಾಯದೆ ಪೂರ್ತಿಯಾಗದು. ಅಲ್ಲಿಯವರೆಗೆ ಇರುವ ಎರಡು ಆಸರೆಗಳನ್ನು ಪಾಲಕರು ಬಳಸಬೇಕು. ಒಂದು, ಊರಲ್ಲೇ ಉಳಿಯುವ ಮಕ್ಕಳಿಗೆಂದು ಮಂಜೂರಾಗುವ ಹಂಗಾಮಿ ವಸತಿಗೃಹ. ಇನ್ನೊಂದು, ಜೊತೆಗೆ ಹೋಗುವ ಮಗುವಿಗೆ ಶಾಲೆ ಕೊಡುವ ಶಿಕ್ಷಣ ಹಮೀ ಕಾರ್ಡು. ಅದನ್ನು ತೋರಿಸಿದರೆ ಹೋದ ಊರಿನ ಶಾಲೆಯಲ್ಲಿ ಕೂಡಿಸಿಕೊಳ್ಳುತ್ತಾರೆ. ಅಲ್ಲಿಯದು ಮರಾಠಿ ಶಾಲೆಯಾದೀತು. ಆಗಲಿ, ನಾಲ್ಕು ತಿಂಗಳು ಪಾಟಿ ಕೈಯಲ್ಲಿ ಇರುತ್ತದೆ.

ಕಾಯದೆ ಪಾಲಕರ ಮೇಲೆ ಮಾತ್ರ ಇಲ್ಲ, ನಮ್ಮ ಮೇಲೂ ಇದೆ. 2009ರ ಶಿಕ್ಷಣ ಹಕ್ಕಿನ ಕಾಯದೆ ಮಗುವನ್ನು ಹೊಡೆಯುವುದನ್ನೂ ಹಂಗಿಸುವುದನ್ನೂ ನಿಷೇಧಿಸಿದೆ. "ಕಣ್ಣೆರಡು ಬಿಟ್ಟು ಎಲ್ಲಿ ಬೇಕಲ್ಲಿ ಬಡೀರಿ ಗುರುಗಳ" ಎಂದು ಪ್ರೀತಿಯಿಂದ ಅಪ್ಪಣೆ ಕೊಡುವ ಪಾಲಕರು ಇನ್ನು ಮೇಲೆ ದಯವಿಟ್ಟು ಕೊಡಬಾರದು. ಅಂಥ ಅಪ್ಪಣೆ ಕೊಡಲು ಅವರಿಗೂ ಅಧಿಕಾರವಿಲ್ಲ.

ಕೊನೆಯದಾಗಿ ದಿನಾಂಕದ ವಿಷಯ. ವಯಸ್ಸಿನ ದಾಖಲೆ ಇಲ್ಲವೆಂದು ಯಾವ ಮಗುವಿಗೂ ಪ್ರವೇಶ ನಿರಾಕರಿಸಬಾರದೆಂದು 2009ರ ಕಾಯದೆ ಹೇಳುತ್ತದೆ. 1969ರ ಜನನ ಮರಣ ನೋಂದಣಿ ಕಾಯದೆಗೆ 2023ರಲ್ಲಿ ಆದ ತಿದ್ದುಪಡಿಯಂತೆ, 2023ರ ಅಕ್ಟೋಬರ್ 1ರಂದು ಮತ್ತು ಆ ಮೇಲೆ ಹುಟ್ಟಿದವರಿಗೆ ಶಾಲಾ ಪ್ರವೇಶ ಮೊದಲಾದ ಕೆಲಸಗಳಲ್ಲಿ ಹುಟ್ಟಿದ ದಿನ ತೋರಿಸಲು ಜನನ ಪತ್ರವೊಂದೇ ಆಧಾರ. ಆ ಮಕ್ಕಳು ಒಂದನೆಯ ಇಯತ್ತೆಗೆ ಬರುವ ದಿನ ದೂರವಿಲ್ಲ. ಮಗು ಹುಟ್ಟಿದ 21 ದಿನದೊಳಗೆ ನೋಂದಣಿಗೆ ಖರ್ಚಿಲ್ಲ. ಒಂದು ವರ್ಷ ದಾಟಿದರೆ ದಂಡಾಧಿಕಾರಿಗಳ ಆದೇಶವೇ ಬೇಕಾಗುತ್ತದೆ. ಶಾಲೆಯ ರಜಿಸ್ಟರಿನಲ್ಲಿ ಈಗಾಗಲೇ ಬಿದ್ದ ತಪ್ಪು ದಿನಾಂಕವನ್ನು ಮುಖ್ಯಾಧ್ಯಾಪಕರು ತಾವೇ ತಿದ್ದುವಂತಿಲ್ಲ. ಜನನ ಪತ್ರದೊಂದಿಗೆ ಅರ್ಜಿ ಕೊಟ್ಟು ಶಿಕ್ಷಣಾಧಿಕಾರಿಗಳ ಮಂಜೂರಾತಿ ತರಿಸಬೇಕು. ಅದೂ ಮಗು ಶಾಲೆಯಲ್ಲಿ ಇರುವಾಗಲೇ ಆಗಬೇಕು, ಶಾಲೆ ಬಿಟ್ಟ ಮೇಲೆ ಬಹಳ ಕಠಿಣ. ಎಂಟನೆಯ ಇಯತ್ತೆಗೆ ಬಂದವರು ಈ ದೀಪಾವಳಿ ರಜೆಯಲ್ಲಿ ಮನೆಯ ಟ್ರಂಕು ತೆಗೆಸಿ ತಮ್ಮ ಜನನ ಪತ್ರ ಹುಡುಕಲಿ. ಎಷ್ಟೋ ಪತ್ರಗಳಲ್ಲಿ ತಂದೆತಾಯಿಯ ಹೆಸರಿದ್ದು ಮಗುವಿನ ಹೆಸರಿನ ಜಾಗ ಖಾಲಿ ಇರುತ್ತದೆ, ಏಕೆಂದರೆ ತೊಟ್ಟಿಲಿಗೆ ಹಾಕುವ ಮೊದಲೇ ನೋಂದಣಿ ಆಗಿರುತ್ತದೆ. ಆ ಹೆಸರನ್ನು ಹದಿನೈದು ವರ್ಷದೊಳಗೆ ಸೇರಿಸಿಕೊಳ್ಳಲು ನಿಯಮದಲ್ಲಿ ಅವಕಾಶವಿದೆ. ಎಂಟನೆಯ ಇಯತ್ತೆಯವರಿಗೆ ಅದಕ್ಕೆ ಇನ್ನು ಒಂದೆರಡು ವರ್ಷ ಮಾತ್ರ ಉಳಿದಿದೆ. ಖಾಲಿ ಇದ್ದವರು ದೀಪಾವಳಿ ಮುಗಿದ ಮೊದಲ ಸೋಮವಾರ ಪತ್ರವನ್ನು ಶಾಲೆಗೆ ತರಲಿ. ಅರ್ಜಿ ಬರೆಯುವುದನ್ನು ವ್ಯಾಕರಣದ ತಾಸಿನಲ್ಲಿಯೇ ಕಲಿಸುತ್ತೇವೆ.